ಫಣಿರಾಯನಿಗೆ ಇನ್ನೊಂದು ಹೊರೆ

ನನ್ನ ತಂಗಿಯ ಮಗಳು ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ಮನೆಯೊಳಗೆ ಕನ್ನಡ, ಕೆಳಗೆ ಕಟ್ಟಡದ ಅಂಗಳದಲ್ಲಿ ಮರಾಠಿ, ಕಾಲೇಜಿನಲ್ಲಿ ಹಿಂದಿ. ಮೊಬೈಲು ಕೈಗೆ ಬಂದರೆ ಜಪಾನೀ. "ಮಾಮ, ಇದರಲ್ಲಿ ಹೀರೋ ಸತ್ತು ಬೇರೆ ಲೋಕದಲ್ಲಿ ಕತ್ತಿಯಾಗಿ ಹುಟ್ಟುತ್ತಾನೆ" ಎಂದು ಒಂದು ಅನಿಮೆ, ಅಂದರೆ ಜಪಾನೀ ಕಾರ್ಟೂನು, ತೋರಿಸಿದಳು. ಇನ್ನೊಂದರಲ್ಲಿ ಒಬ್ಬಳು ಜೇಡವಾಗಿ ಹುಟ್ಟುತ್ತಾಳೆ. ಮತ್ತೊಂದರಲ್ಲಿ ಒಬ್ಬ ಲೋಳೆಯ ಮುದ್ದೆಯಾಗುತ್ತಾನೆ. 2023ರಲ್ಲಿ ಬಂದ ಒಂದರಲ್ಲಿ ಕಥಾನಾಯಕ ವೆಂಡಿಂಗ್ ಮಶಿನ್ ಆಗಿಬಿಟ್ಟಿದ್ದಾನೆ. ಇಂಥ ಕಥೆಗಳಲ್ಲಿ ಲಾರಿ ಬಡಿದು ಸಾಯುವುದು ಎಷ್ಟು ಮಾಮೂಲಿಯೆಂದರೆ ಅಭಿಮಾನಿಗಳು ಆ ಲಾರಿಗೇ 'ಟ್ರಕ್-ಕುನ್' ಎಂದು ಹೆಸರಿಟ್ಟಿದ್ದಾರೆ. "ಎಲ್ಲಾ ಒಂದೇ ಥರ ಅಲ್ವಾ ಮಗಾ?" ಎಂದೆ. "ಹೌದು ಮಾಮ, ಆದ್ರೂ ನೋಡ್ತೇವೆ" ಎಂದಳು. ಆ 'ಆದ್ರೂ' ಎಂಬ ಮಾತು ನನ್ನನ್ನು ಬಿಡಲಿಲ್ಲ.

ಕಥೆ ಹಳತಾದರೆ ತಪ್ಪಿಲ್ಲ. ಇದನ್ನು ಕನ್ನಡದವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ರಾಮಾಯಣ ಬರೆದ ಕವಿಗಳು ಹೆಚ್ಚಾಗಿ ಫಣಿರಾಯ ಆದಿಶೇಷನಿಗೇ ಭಾರವಾಯಿತೆಂದು ಭಾರತದ ಕಡೆ ಹೊರಳಿದವನು ಗದುಗಿನ ನಾರಣಪ್ಪ, ನಮ್ಮ ಕುಮಾರವ್ಯಾಸ. ಆ ಭಾರತವಾದರೂ ಹೊಸತೇ? ವ್ಯಾಸನದ್ದು; ಕನ್ನಡದಲ್ಲಿ ಪಂಪ ಆಗಲೇ ಹೇಳಿ ಮುಗಿಸಿದ್ದು. ಆದರೂ ಕುಮಾರವ್ಯಾಸನ ಕೃಷ್ಣ ಬಾಯಿ ತೆರೆದರೆ ಅದು ಬೇರೆ ಯಾರ ಕೃಷ್ಣನೂ ಅಲ್ಲ.

ಇದನ್ನು ಕಣ್ಣಾರೆ ನೋಡಬೇಕಾದರೆ ಮಳೆಗಾಲದಲ್ಲಿ ಮುಂಬಯಿಗೆ ಬರಬೇಕು. ಊರಲ್ಲಿ ಮೇಳಗಳ ತಿರುಗಾಟ ನಿಂತಾಗ ಕರಾವಳಿಯ ಕಲಾವಿದರು ಇಲ್ಲಿಗೆ ಬರುತ್ತಾರೆ. ಮಾಟುಂಗದ ಮೈಸೂರು ಅಸೋಸಿಯೇಷನ್ನಿನಲ್ಲಿ, ಕುರ್ಲಾದ ಬಂಟರ ಸಂಘದಲ್ಲಿ ಯಕ್ಷಗಾನ, ತಾಳಮದ್ದಳೆ. ಪ್ರಸಂಗ ವಾಲಿಮೋಕ್ಷ. ವಾಲಿ ಸಾಯುತ್ತಾನೆಂಬುದು ಕೂತವರಲ್ಲಿ ಯಾರಿಗೆ ಗೊತ್ತಿಲ್ಲ? ಆದರೂ ಹಗಲೆಲ್ಲ ಹೋಟೆಲಿನ ಗಲ್ಲೆಯಲ್ಲಿ ಕೂತು ದಣಿದವರು ಕಣ್ಣು ಮಿಟುಕಿಸದೆ ಕೇಳುತ್ತಾರೆ. ಮರದ ಮರೆಯಿಂದ ಬಾಣ ಬಿಟ್ಟ ರಾಮನನ್ನು ಇವತ್ತಿನ ವಾಲಿ ಏನೆಂದು ಕೇಳುತ್ತಾನೆ, ರಾಮ ಏನು ಉತ್ತರ ಕೊಡುತ್ತಾನೆ ಎಂಬುದಷ್ಟೇ ಅವರಿಗೆ ಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ಇಂದಿಗೂ ಆ ಮಾತಿನ ವರಸೆಯನ್ನು ನೆನೆಯುತ್ತಾರೆ. ಪದ್ಯ ಭಾಗವತರದ್ದು, ಕಥೆ ಲೋಕದ್ದು. ಅರ್ಥ ಮಾತ್ರ ಅರ್ಥಧಾರಿಯ ಸ್ವಂತದ್ದು.

ನನ್ನ ತಕರಾರು ಇಷ್ಟೇ: ಇತ್ತೀಚಿನ ಬಹುಪಾಲು ಅನಿಮೆಯಲ್ಲಿ ಪ್ರಸಂಗ ಇದೆ, ಅರ್ಥಗಾರಿಕೆ ಇಲ್ಲ. ಸತ್ತವನು ತಾಯಿಯನ್ನು ನೆನೆಯುವುದಿಲ್ಲ, ಬಿಟ್ಟುಬಂದ ಕೆಲಸವನ್ನು ನೆನೆಯುವುದಿಲ್ಲ. ಹೊಸ ಲೋಕಕ್ಕೆ ಕಾಲಿಟ್ಟ ಕೂಡಲೇ ಕೈಗೆ ಶಕ್ತಿ ಸಿಗುತ್ತದೆ, ವಿಡಿಯೋ ಗೇಮಿನಂತೆ ಅಂಕಗಳು ಏರುತ್ತವೆ. ಅವನನ್ನು ಎದುರು ನಿಂತು ಪ್ರಶ್ನಿಸುವ ವಾಲಿ ಒಬ್ಬನೂ ಇಲ್ಲ.

ಇದು ಬರೆಯುವವರ ಸೋಮಾರಿತನ ಮಾತ್ರವಲ್ಲ, ವ್ಯವಹಾರ ಹಾಗೆ ಕಟ್ಟಿಕೊಂಡಿದೆ. ಜಪಾನಿನಲ್ಲಿ ಯಾರು ಬೇಕಾದರೂ ಕಾದಂಬರಿ ಬರೆದು ಹಾಕಬಹುದಾದ 'ಶೋಸೆತ್ಸುಕಾ ನಿ ನಾರೋ' ಎಂಬ ತಾಣ 2004ರಲ್ಲಿ ಶುರುವಾಯಿತು. ಓದುಗರು ಅಂಕ ಕೊಡುತ್ತಾರೆ, ಮೇಲೆ ಬಂದದ್ದನ್ನು ಪ್ರಕಾಶಕರು ಪುಸ್ತಕ ಮಾಡುತ್ತಾರೆ, ಪುಸ್ತಕ ಮಾಂಗಾ ಎಂಬ ಚಿತ್ರಕಥೆ ಆಗುತ್ತದೆ, ಮಾಂಗಾ ಅನಿಮೆ ಆಗುತ್ತದೆ. ಅನಿಮೆಗೆ ದುಡ್ಡು ಹಾಕುವುದು ಒಬ್ಬ ನಿರ್ಮಾಪಕನಲ್ಲ, ಪ್ರಕಾಶಕ, ಟಿ.ವಿ. ವಾಹಿನಿ, ಸಂಗೀತ ಕಂಪನಿ, ಆಟಿಕೆಯವರು ಸೇರಿದ ಒಂದು ಸಮಿತಿ. ನಷ್ಟವಾದರೆ ಎಲ್ಲರಿಗೂ ಸ್ವಲ್ಪ ಸ್ವಲ್ಪ. ಈ ಸಮಿತಿಗೆ ಆಗಲೇ ಓದುಗರಿರುವ ಕಥೆಯೇ ಬೇಕು. ಓದುಗನಿಗೆ ನಿನ್ನೆ ಹಿಡಿಸಿದ್ದನ್ನೇ ಇವತ್ತೂ ಬಡಿಸುವ ಏರ್ಪಾಡು ಇದು. ಹೊಸ ಕಥೆಗೆ ಹೆದರುವವರು ಹಳೆಯ ಹಿಟ್‌ಗಳನ್ನೇ ಮತ್ತೆ ತೆಗೆಯುತ್ತಾರೆ: 2022ರಲ್ಲಿ ಉರುಸೆಯ್ ಯಾತ್ಸುರಾ, 2023ರಲ್ಲಿ ರುರೌನಿ ಕೆನ್‌ಶಿನ್, 2024ರಲ್ಲಿ ರನ್ಮಾ.

ಚಿತ್ರ ಬಿಡಿಸುವ ಕೈಗಳೂ ದಣಿದಿವೆ. 1963ರ ಜನವರಿ 1ರಂದು ಮಾಂಗಾಕಾರ ಒಸಾಮು ತೆಜುಕಾ ತನ್ನ 'ಆಸ್ಟ್ರೋ ಬಾಯ್' ಅನ್ನು ಟಿ.ವಿ.ಗೆ ಕೊಟ್ಟಾಗ ಖರ್ಚಿಗಿಂತ ಕಡಿಮೆ ಬೆಲೆಗೆ ಕೊಟ್ಟ. ಕೊರತೆಯನ್ನು ಆಟಿಕೆ ಮತ್ತು ವಿದೇಶೀ ಮಾರಾಟದಿಂದ ತುಂಬಿಕೊಳ್ಳುವ ಲೆಕ್ಕ. ಅಂದು ಬಿದ್ದ ಆ ಅಗ್ಗದ ರೂಢಿಯ ಹೊರೆಯನ್ನು ಚಿತ್ರ ಬಿಡಿಸುವ ಹುಡುಗ ಹುಡುಗಿಯರು ಇಂದಿಗೂ ಹೊರುತ್ತಿದ್ದಾರೆ. ಅದೇ ತೆಜುಕಾ 1972ರಿಂದ 1983ರವರೆಗೆ 'ಬುದ್ಧ' ಎಂಬ ಮಾಂಗಾ ಬರೆದ ಎಂಬುದನ್ನೂ ಹೇಳಬೇಕು. ಕಿಂಗ್ಸ್ ಸರ್ಕಲ್ಲಿನ ಫುಟ್‌ಪಾತ್ ಪುಸ್ತಕದಂಗಡಿಯಲ್ಲಿ ಅದರ ಇಂಗ್ಲಿಷ್ ಸಂಪುಟವೊಂದು ನನಗೆ ಸಿಕ್ಕಿತು. ಯಾವ ಬುದ್ಧಚರಿತೆಯಲ್ಲೂ ಇಲ್ಲದ ತತ್ತ ಎಂಬ ಕೀಳುಜಾತಿಯ ಪೋರನನ್ನು ಸೃಷ್ಟಿಸಿ, ಸಿದ್ಧಾರ್ಥನ ಕಥೆಯೊಳಗೆ ಓಡಾಡಿಸಿದ್ದಾನೆ. ನಮ್ಮ ನೆಲದ ಕಥೆಯನ್ನು ಟೋಕಿಯೋದಲ್ಲಿ ಕೂತು ಹೀಗೆ ಹೇಳಬಹುದಾದರೆ ಹಳೆಯ ಕಥೆ ಎಂಬ ನೆಪ ಯಾರಿಗೂ ಇಲ್ಲ.

ಕಥೆ ಊರು ಬದಲಿಸಿದ ಮಾತ್ರಕ್ಕೆ ಅರ್ಥ ಬದಲಾಗುವುದಿಲ್ಲ ಎಂಬುದಕ್ಕೂ ಮುಂಬಯಿಯೇ ಸಾಕ್ಷಿ. 1966ರಲ್ಲಿ ಶುರುವಾದ 'ಕ್ಯೋಜಿನ್ ನೋ ಹೋಶಿ' ಎಂಬ ಬೇಸ್‌ಬಾಲ್ ಮಾಂಗಾವನ್ನು ಕ್ರಿಕೆಟ್ಟಿಗೆ ತಿರುಗಿಸಿ, 2012ರ ಡಿಸೆಂಬರಿನಲ್ಲಿ ಕಲರ್ಸ್ ವಾಹಿನಿ 'ಸೂರಜ್: ದ ರೈಸಿಂಗ್ ಸ್ಟಾರ್' ಎಂದು ತೋರಿಸಿತು. ಹುಡುಗ ಮುಂಬಯಿಯ ಬಡವ. ಮೂಲದಲ್ಲಿ ಅಪ್ಪ ಮಗನ ಮೈಗೆ ಬಿಗಿಯುವ ಸ್ಪ್ರಿಂಗಿನ ಕವಚ ಇಲ್ಲಿ ಸೈಕಲ್ ಟ್ಯೂಬ್ ಆಯಿತು. ಟ್ಯೂಬ್ ಒಳ್ಳೆಯ ಊಹೆಯೇ. ಆದರೆ ಶಿವಾಜಿ ಪಾರ್ಕಿಗೆ ಬೆಳಗ್ಗೆ ಭಾರದ ಕಿಟ್ ಹೊತ್ತು ಲೋಕಲ್ ಹಿಡಿದು ಬರುವ ಹುಡುಗನ ಬದುಕು ಅದರಲ್ಲಿ ನನಗೆ ಕಾಣಲಿಲ್ಲ. ಯುದ್ಧಾನಂತರದ ಜಪಾನೀ ತಂದೆಯ ಹಠವೇ ಮುಂಬಯಿಯ ಹೊದಿಕೆ ಹೊದ್ದು ಕೂತಿತ್ತು.

ನಮ್ಮವರೇ ಮಾಡಿದ ಕಾರ್ಟೂನುಗಳೂ ಮೇಲಲ್ಲ. 2010ರ ತಮಿಳು 'ಸಿಂಗಂ' 2011ರಲ್ಲಿ ಹಿಂದಿಯ 'ಸಿಂಘಂ' ಆಯಿತು, ಅದೇ ವರ್ಷ ಕನ್ನಡದ 'ಕೆಂಪೇಗೌಡ'ನೂ ಆಯಿತು. 2018ರಲ್ಲಿ ಆ ಹಿಂದಿ ಪೊಲೀಸ್ ಮಗುವಾಗಿ 'ಲಿಟಲ್ ಸಿಂಘಂ' ಆದ. ಆಮೇಲೆ 'ಗೋಲ್‌ಮಾಲ್ ಜೂನಿಯರ್', ಆಮೇಲೆ 'ದಬಂಗ್'. ಜನ ಆಗಲೇ ಬಲ್ಲ ಮುಖವನ್ನು ಕುಗ್ಗಿಸಿ ಮಕ್ಕಳ ಮುಂದಿಡುವುದು ಟೋಕಿಯೋ ಸಮಿತಿಯ ಹೆದರಿಕೆಯೇ, ಅಂಧೇರಿಯ ವೇಷದಲ್ಲಿ.

ಹಾಗಿರಲಿಲ್ಲ ಈ ಊರು. ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದ ಅನಂತ ಪೈ ಮುಂಬಯಿಯಲ್ಲಿ ಕೂತು ಅಮರ ಚಿತ್ರಕಥೆ ಕಟ್ಟಿದ್ದು ಎಲ್ಲರಿಗೂ ಗೊತ್ತು. ಅದರ ಮೊದಲ ಹತ್ತು ಸಂಚಿಕೆಗಳು ಸಿಂಡ್ರೆಲಾದಂಥ ಪಾಶ್ಚಾತ್ಯ ಕಥೆಗಳಾಗಿದ್ದವು, ಅವು ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಉಮೇದಿನಿಂದ ಕನ್ನಡದಲ್ಲಿ ಬಂದವು ಎಂಬುದು ಅನೇಕರಿಗೆ ಗೊತ್ತಿಲ್ಲ. ಪೈಗಳ 'ಕೃಷ್ಣ' ಹನ್ನೊಂದನೆಯ ಸಂಚಿಕೆ. ಚೌಕಟ್ಟಿನ ಕ್ರಮ ವಿದೇಶೀ ಕಾಮಿಕ್ಸಿನದು, ದೇವರ ಮೈಕಟ್ಟು ಕ್ಯಾಲೆಂಡರಿನದು, ಕಥೆ ಭಾಗವತದ್ದು. ಎಲ್ಲಾ ಎರವಲು. ಆದರೂ ಆ ಪುಸ್ತಕ ಕೈಗೆ ಬಂದಾಗ ನಮ್ಮ ತಲೆಮಾರಿಗೆ ಹೊಸತಾಗಿತ್ತು, ಏಕೆಂದರೆ ಯಾರಿಗೆ ಹೇಳುತ್ತಿದ್ದೇನೆ, ಯಾಕೆ ಹೇಳುತ್ತಿದ್ದೇನೆ ಎಂಬುದು ಪೈಗಳಿಗೆ ಸ್ಪಷ್ಟವಿತ್ತು. ಹಾಗೆಯೇ 1956ರಲ್ಲಿ ಇಲ್ಲಿನ ಫಿಲ್ಮ್ಸ್ ಡಿವಿಷನ್ನಿನ ಕಾರ್ಟೂನ್ ವಿಭಾಗ ಸೇರಿದ ರಾಮ್ ಮೋಹನ್, ಜಪಾನಿನ ಯುಗೋ ಸಾಕೋ ಜೊತೆ 'ರಾಮಾಯಣ: ದ ಲೆಜೆಂಡ್ ಆಫ್ ಪ್ರಿನ್ಸ್ ರಾಮ' ಮಾಡಿದರು. 2025ರ ಜನವರಿ 24ರಂದು ಅದು ಮತ್ತೆ ಚಿತ್ರಮಂದಿರಕ್ಕೆ ಬಂತು. ಮೂವತ್ತು ವರ್ಷ ದಾಟಿದ ಆ ಕೈಯಿಂದ ಬಿಡಿಸಿದ ಚಿತ್ರಗಳು ಇವತ್ತಿನ ಎಷ್ಟೋ ಅನಿಮೆಗಿಂತ ಜೀವಂತವಾಗಿವೆ.

ಜಪಾನ್ ಬತ್ತಿಹೋಗಿದೆ ಎಂದು ಮಾತ್ರ ನಾನು ಹೇಳಲಾರೆ. 'ಫ್ರೀರೆನ್' ಎಂಬ ಅನಿಮೆ ನೋಡಿದೆ, ತಂಗಿಯ ಮಗಳೇ ಕೂರಿಸಿ ತೋರಿಸಿದಳು. ಸಾಮಗ್ರಿ ಎಲ್ಲ ಹಳತೇ: ವೀರ, ಮಾಂತ್ರಿಕ, ದೈತ್ಯರಾಜ. ಆದರೆ ಕಥೆ ಶುರುವಾಗುವುದು ದೈತ್ಯರಾಜ ಸತ್ತ ಮೇಲೆ. ಸಾವಿರ ವರ್ಷ ಬದುಕುವ ಒಬ್ಬಳು, ಹತ್ತೇ ವರ್ಷ ಜೊತೆಗಿದ್ದ ಗೆಳೆಯನನ್ನು ತಾನು ಅರಿಯಲೇ ಇಲ್ಲವಲ್ಲ ಎಂದು ಅವನ ಅಂತ್ಯಕ್ರಿಯೆಯಲ್ಲಿ ಅಳುತ್ತಾಳೆ. ಅದು ಅರ್ಥಗಾರಿಕೆ. ಮಾಟುಂಗದ ಸಭಿಕರಿಗೆ ಭಾಷೆ ತಿಳಿಯದಿದ್ದರೂ ತಲೆದೂಗುವಂಥದ್ದು.

2025ರ ಸೆಪ್ಟೆಂಬರಿನಲ್ಲಿ 'ಡೀಮನ್ ಸ್ಲೇಯರ್' ಅನಿಮೆ ಸಿನಿಮಾ ಹಿಂದಿ, ತಮಿಳು, ತೆಲುಗಿನಲ್ಲೂ ಬಂತು, ಕನ್ನಡದಲ್ಲಿ ಬರಲಿಲ್ಲ. ಡಬ್ಬಿಂಗ್ ಬೇಕೋ ಬೇಡವೋ ಎಂಬ ಹಳೆಯ ಜಗಳಕ್ಕೆ ನಾನು ಹೋಗುವುದಿಲ್ಲ. ನನ್ನ ಆಸೆ ಬೇರೆ. ಡೊಂಬಿವಲಿ, ಮೀರಾ ರೋಡ್, ಐರೋಲಿಗಳಲ್ಲಿ ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ದೊಡ್ಡ ಕಣ್ಣಿನ ಮುಖ ಬಿಡಿಸುವ ಕನ್ನಡದ ಮಕ್ಕಳು ಬೇಕಾದಷ್ಟಿದ್ದಾರೆ. ಕಣ್ಣು ಜಪಾನಿನದಾದರೂ ಅಡ್ಡಿಯಿಲ್ಲ. ಅವರ ಅಜ್ಜ ಕುಂದಾಪುರದಿಂದ ಬಂದು ಹೋಟೆಲಿನಲ್ಲಿ ತಟ್ಟೆ ತೊಳೆದು ರಾತ್ರಿಶಾಲೆಯಲ್ಲಿ ಕನ್ನಡ ಕಲಿತ ಕಥೆ ಯಾವ ಮಾಂಗಾದಲ್ಲೂ ಬಂದಿಲ್ಲ. ನಮ್ಮ ಸಂಘಗಳಿಗೆ ನನ್ನ ಬಿನ್ನಹ: ಮಳೆಗಾಲದ ಯಕ್ಷಗಾನಕ್ಕೆ ಕೊಡುವ ಸಭಾಂಗಣವನ್ನು ವರ್ಷಕ್ಕೊಂದು ದಿನ ಈ ಮಕ್ಕಳ ಚಿತ್ರಕಥೆಗೂ ಕೊಡಿ, ಬಹುಮಾನ ಇಡಿ. ನಿಯಮ ಎರಡೇ ಸಾಕು: ಮಾತು ಕನ್ನಡದಲ್ಲಿರಬೇಕು, ಕಥೆ ಈ ಊರಿನಲ್ಲಿ ನಡೆಯಬೇಕು.