ಖಾತೆ ಬಂದ್ ಇದ್ದಾಗ ಬಾಲವಾಡಿ ನಡೆಸಿದ್ದು

ನಮ್ಮ ಮಹಿಳಾ ಮಂಡಳದ ಬ್ಯಾಂಕ್ ಖಾತೆ ಬಂದ್ ಆದದ್ದು 2021ರಲ್ಲಿ. ಕೊರೊನಾದ ಎರಡನೇ ಅಲೆಯಲ್ಲಿ ನಮ್ಮ ಅಧ್ಯಕ್ಷೆ ತೀರಿಕೊಂಡರು. ಚೆಕ್ಕಿಗೆ ಎರಡು ಸಹಿ ಬೇಕಿತ್ತು, ಒಂದು ಅವರದು, ಇನ್ನೊಂದು ಖಜಾಂಚಿಯದು. ನಾನು ಕಾರ್ಯದರ್ಶಿ. ಸಭೆ ಕರೆದು ಹೊಸ ಅಧ್ಯಕ್ಷೆಯನ್ನು ಆರಿಸಿ, ಠರಾವು ಬರೆದು, ಶಿಕ್ಕಾ ಹೊಡೆದು ಬ್ಯಾಂಕಿಗೆ ಒಯ್ದೆವು. ಠರಾವು ಸಾಲುವುದಿಲ್ಲ, ಧರ್ಮಾದಾಯ ಆಯುಕ್ತರ ಕಚೇರಿಯಿಂದ ಬದಲಾವಣೆ ಮಂಜೂರಾದ ಆದೇಶ ತನ್ನಿ ಎಂದರು. ಆ ಆದೇಶ ಕೈಗೆ ಬರುವಷ್ಟರಲ್ಲಿ ಒಂದು ಸುಗ್ಗಿ ಹೋಗಿ ಇನ್ನೊಂದು ಸುಗ್ಗಿ ಬಂದಿತ್ತು.

ಅಷ್ಟು ಕಾಲವೂ ಖಾತೆಯಲ್ಲಿ ದುಡ್ಡು ಇತ್ತು. ಬಾಲವಾಡಿಯ ಇಬ್ಬರು ಹೆಣ್ಣುಮಕ್ಕಳ ಪಗಾರಕ್ಕೆ, ಮಕ್ಕಳ ಮಧ್ಯಾಹ್ನದ ಊಟಕ್ಕೆ ಎಂದೇ ಬಂದ ದುಡ್ಡು. ಅದರಲ್ಲಿ ಒಂದು ಪೈಸೆ ಮುಟ್ಟುವಂತಿರಲಿಲ್ಲ. ಉಮರ್ಗಾ, ನಿಲಂಗಾ, ಉದಗೀರ್ ಸುತ್ತಿನ ಸಣ್ಣ ಸಂಘಗಳು ಇದೇ ಗಂಟಿನಲ್ಲಿ ಸಿಕ್ಕಿ ಸದ್ದಿಲ್ಲದೆ ಮುಚ್ಚಿದ್ದನ್ನು ಕಂಡಿದ್ದೇನೆ. ಅದಕ್ಕೇ ನಮ್ಮ ಮೇಲೆ ಬಂದದ್ದನ್ನು ಬರೆದಿಡುತ್ತಿದ್ದೇನೆ.

ನಮ್ಮೂರು ಮಹಾರಾಷ್ಟ್ರದ ಉಮರ್ಗಾ ತಾಲೂಕಿನ ಅಂಚಿನಲ್ಲಿದೆ, ಆಚೆಗೆ ಕರ್ನಾಟಕದ ಆಳಂದ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಸಂತೆಯಲ್ಲಿ ಎರಡೂ. 1956ರಲ್ಲಿ ರಾಜ್ಯಗಳನ್ನು ಮತ್ತೆ ಕಟ್ಟುವ ತನಕ ಇದೆಲ್ಲ ಹೈದರಾಬಾದ್ ರಾಜ್ಯವೇ ಆಗಿತ್ತು. ನಿಲಂಗಾ, ಉದಗೀರ್ ಎರಡೂ ಆಗ ಬೀದರ್ ಜಿಲ್ಲೆಯ ತಾಲೂಕುಗಳಾಗಿದ್ದವು. ಗಡಿ ನಡುವೆ ಬಂದರೂ ಬೀಗತನ ಇನ್ನೂ ಬಸವಕಲ್ಯಾಣ, ಭಾಲ್ಕಿ, ಆಳಂದಗಳ ಜೊತೆಗೇ ಇದೆ. ಹಾಗಾಗಿ ನಮ್ಮ ಮಂಡಳದ ಮಾತು, ಜಗಳ, ಲೆಕ್ಕ ಎಲ್ಲ ಕನ್ನಡದಲ್ಲಿ. ನಡಾವಳಿ ಪುಸ್ತಕ ಮರಾಠಿಯಲ್ಲಿ. ಅನುದಾನದ ಅರ್ಜಿ ಇಂಗ್ಲಿಷಿನಲ್ಲಿ.

ಮಂಡಳ ಹುಟ್ಟಿದ್ದು ಭೂಕಂಪದಿಂದ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಬಿಟ್ಟು ಬಂದು ಜನ ಮಲಗಿದ್ದಾಗ, ಕಿಲ್ಲಾರಿ, ಸಾಸ್ತೂರ್ ಕಡೆ ಊರಿಗೆ ಊರೇ ಕಲ್ಲುಮಣ್ಣಿನಡಿ ಹೋಯಿತು. ಸತ್ತವರು ಸರ್ಕಾರದ ಲೆಕ್ಕದಲ್ಲೇ ಎಂಟು ಸಾವಿರದ ಹತ್ತಿರ. ವಿಶ್ವಬ್ಯಾಂಕಿನ ಸಾಲದಿಂದ ನಡೆದ ಪುನರ್ವಸತಿಯಲ್ಲಿ 52 ಹಳ್ಳಿಗಳನ್ನು ಬೇರೆ ಜಾಗಕ್ಕೆ ಎತ್ತಿ ಕಟ್ಟಿದರು. ಗೋಡೆ ಬಿರಿದು ನಿಂತಿದ್ದ ನೂರಾರು ಹಳ್ಳಿಗಳಲ್ಲಿ ಮನೆಯವರೇ ರಿಪೇರಿ ಮಾಡಿಸಿಕೊಳ್ಳಬೇಕು, ಕೆಲಸ ಸಾಗಿದಂತೆ ಕಂತಿನಲ್ಲಿ ಹಣ ಬರುತ್ತದೆ ಎಂಬ ಏರ್ಪಾಡಾಯಿತು. ನಮ್ಮದು ಅಂಥ ಊರು. ಜನರಿಗೂ ಅಧಿಕಾರಿಗಳಿಗೂ ನಡುವೆ ನಿಂತು ತಿಳಿಹೇಳಲು ಹಳ್ಳಿಯ ಹೆಂಗಸರನ್ನೇ 'ಸಂವಾದ ಸಹಾಯಕ' ಎಂದು ನೇಮಿಸಿದರು. ಸ್ವಯಂ ಶಿಕ್ಷಣ ಪ್ರಯೋಗ ಎಂಬ ಸಂಸ್ಥೆ ಈ ಕೆಲಸ ನೋಡಿಕೊಂಡಿತು. 2001ರಲ್ಲಿ ಕಛ್ ನಡುಗಿದಾಗ ಇದೇ ಲಾತೂರ್, ಉಸ್ಮಾನಾಬಾದ್ ಕಡೆಯ ಹೆಂಗಸರು ಅಲ್ಲಿಗೆ ಹೋಗಿ ಅಲ್ಲಿಯ ಹೆಂಗಸರ ಜೊತೆ ಕೂತು, ಮನೆ ಹೇಗೆ ಕಟ್ಟಿಸಿಕೊಳ್ಳಬೇಕು, ಕಂತು ಹೇಗೆ ಕೇಳಬೇಕು ಎಂದು ಹೇಳಿಕೊಟ್ಟರು. ಇದು ನಮ್ಮ ಸೀಮೆಯ ಹೆಂಗಸರ ದೊಡ್ಡ ಸಾಧನೆ ಎಂದು ನಾನು ನಂಬಿದ್ದೇನೆ.

ನಮ್ಮ ಅಧ್ಯಕ್ಷೆಯೂ ಆಗ ಅಂಥ ಕೆಲಸ ಮಾಡಿದವರೇ. ಓದಿದ್ದು ಏಳನೇ ಇಯತ್ತೆ. ಸೀರೆಯ ಸೆರಗಿಗೆ ಟೇಪ್ ಸಿಕ್ಕಿಸಿಕೊಂಡು ಗೋಡೆ ಅಳೆಯುತ್ತಿದ್ದರು, ಮೂಲೆಗೆ ಕಬ್ಬಿಣ ಕಟ್ಟದೆ ಗಿಲಾಯಿ ಮಾಡಿದರೆ ಗೌಂಡಿಯನ್ನು ಅಲ್ಲೇ ನಿಲ್ಲಿಸುತ್ತಿದ್ದರು. ಆ ಕೆಲಸ ಮುಗಿದ ಮೇಲೆ ಊರ ಹೆಂಗಸರನ್ನು ಕೂಡಿಸಿ ಉಳಿತಾಯದ ಬಚತ್ ಗಟ ಮಾಡಿದರು, ಆಮೇಲೆ ಮಂಡಳ ನೋಂದಾಯಿಸಿದರು, ಆಮೇಲೆ ಬಾಲವಾಡಿ. ಸೋಯಾ ಕಟಾವಿಗೆ, ತೊಗರಿ ರಾಶಿಗೆ ಹೋಗುವ ತಾಯಂದಿರ ಎಳೆ ಮಕ್ಕಳು ಹೊಲದ ಬದುವಿನಲ್ಲಿ ಬಿಸಿಲಿಗೆ ಬೀಳದಿರಲಿ ಎಂದು. ಎರಡು ಖೋಲಿ, ಜಂತಿಗೆ ಕಟ್ಟಿದ ಸೀರೆಯ ಜೋಳಿಗೆ, ಒಂದು ಒಲೆ.

ಅದಕ್ಕೆ ದುಡ್ಡು ಬರುತ್ತಿದ್ದುದು ದೂರದ ಒಂದು ದೊಡ್ಡ ಸಂಸ್ಥೆಯಿಂದ. ಅವರಿಗೆ ವಿದೇಶದಿಂದ ಬಂದ ದೇಣಿಗೆಯಲ್ಲಿ ನಮ್ಮಂಥ ಮಂಡಳಗಳಿಗೂ ಒಂದು ಪಾಲು ಕೊಡುತ್ತಿದ್ದರು. 2020ರ ಸೆಪ್ಟೆಂಬರಿನಲ್ಲಿ ವಿದೇಶಿ ವಂತಿಗೆ ಕಾಯ್ದೆ ತಿದ್ದುಪಡಿಯಾಯಿತು. ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ ಎಂದಾಯಿತು. ಆಡಳಿತದ ಖರ್ಚಿನ ಮಿತಿ ನೂರಕ್ಕೆ 50 ಇದ್ದದ್ದು 20ಕ್ಕೆ ಇಳಿಯಿತು. ದಿಲ್ಲಿಯಲ್ಲಿ ಏನು ಯೋಚನೆ ಇತ್ತೋ ನನಗೆ ಗೊತ್ತಿಲ್ಲ. ಹಳ್ಳಿಯ ಮಟ್ಟಿಗೆ ಅದರ ಅರ್ಥ ಒಂದೇ: ನಾವು ನೇರವಾಗಿ ಕೇಳದಿದ್ದರೆ ನಮಗೆ ಬರುವುದಿಲ್ಲ, ನೇರವಾಗಿ ಕೇಳುವಷ್ಟು ಕಾಗದಪತ್ರ ನಮ್ಮ ಕೈಯಲ್ಲಿಲ್ಲ.

ಮರುವರ್ಷ ಏಪ್ರಿಲ್ 1ರಿಂದ ಇನ್ನೂ ಎರಡು ನಿಯಮ ಬಂದವು. ಆದಾಯ ತೆರಿಗೆಯ 12ಎ, 80ಜಿ ನೋಂದಣಿ ಹಳೆಯದಾಗಿದ್ದರೂ ಮತ್ತೆ ಹೊಸದಾಗಿ ಮಾಡಿಸಬೇಕಿತ್ತು. ಕಂಪನಿಗಳ ಸಿಎಸ್‌ಆರ್ ಹಣ ಬೇಕೆಂದರೆ ಸಿಎಸ್‌ಆರ್-1 ನಮೂನೆ ತುಂಬಿ ಬೇರೆ ನೋಂದಣಿ ಪಡೆಯಬೇಕು. ನೀತಿ ಆಯೋಗದ ದರ್ಪಣ್ ಸಂಖ್ಯೆ ಅಂತೂ ಮೊದಲೇ ಇತ್ತು. ಇವೆಲ್ಲಕ್ಕೂ ಓಟಿಪಿ ಬರುವುದು ಅಧ್ಯಕ್ಷೆಯ ಫೋನಿಗೆ. ಅದೇ ಬೇಸಿಗೆಯಲ್ಲಿ ಅವರು ಹೋದರು.

ಅವರ ಮಗ ಆ ಸಿಮ್ಮಿಗೆ ರೀಚಾರ್ಜ್ ಹಾಕಿಸುತ್ತಲೇ ಇದ್ದ. 'ಅವ್ವನ ನಂಬರು ಮಂಡಳದ್ದೂ ಅದ, ಬಂದ್ ಮಾಡಂಗಿಲ್ಲ ಚಿಗವ್ವಾ' ಅಂದ. ಓಟಿಪಿ ನೋಡಿ ನಾವೇ ಹಾಕಿಕೊಂಡರೆ ಕೆಲಸ ಸಾಗುತ್ತದೆ ಎಂದು ಸಲಹೆ ಕೊಟ್ಟವರೂ ಇದ್ದರು. ನಮ್ಮ ಲೆಕ್ಕ ತಪಾಸಣೆ ಮಾಡುವ ಸಿಎ ಸಾಹೇಬರು ಕೂಡದು ಎಂದರು. ಸತ್ತವರ ಹೆಸರಿನಲ್ಲಿ ಒಂದು ಅರ್ಜಿ ಹೋದರೂ ಮುಂದೆ ಮಂಡಳ ಉಳಿಯುವುದಿಲ್ಲ, ಮೊದಲು ಚೇಂಜ್ ರಿಪೋರ್ಟ್ ಮಾಡಿಸಿ ಎಂದರು. ನಾವು ಆ ಮಾತನ್ನು ಮೀರಲಿಲ್ಲ.

ಮಹಾರಾಷ್ಟ್ರದಲ್ಲಿ ನಮ್ಮಂಥ ಮಂಡಳ 1860ರ ಸಂಘಗಳ ಕಾಯ್ದೆಯಡಿ ಒಂದು ಸಲ, 1950ರ ಸಾರ್ವಜನಿಕ ನ್ಯಾಸ ಕಾಯ್ದೆಯಡಿ ಇನ್ನೊಂದು ಸಲ ನೋಂದಣಿ ಆಗಿರುತ್ತದೆ. ಕಾರ್ಯಕಾರಿಣಿಯಲ್ಲಿ ಯಾರು ಬದಲಾದರೂ 90 ದಿನದೊಳಗೆ ಧರ್ಮಾದಾಯ ಕಚೇರಿಗೆ ತಿಳಿಸಬೇಕು, ಅದೇ ಚೇಂಜ್ ರಿಪೋರ್ಟ್. ಅದು ಮಂಜೂರಾದ ಮೇಲೆಯೇ ಪರಿಶಿಷ್ಟ ಒಂದರ ಉತಾರೆಯಲ್ಲಿ ಹೊಸ ಹೆಸರು ಬರುತ್ತದೆ. ಬ್ಯಾಂಕು, ತೆರಿಗೆ ಇಲಾಖೆ, ಕಂಪನಿ ಎಲ್ಲರೂ ಕೇಳುವುದು ಆ ಒಂದು ಉತಾರೆಯನ್ನು. ಉತಾರೆ ತೆಗೆಸಿದರೆ ಅದರಲ್ಲಿ ಮೊದಲು ನೋಂದಾಯಿಸಿದ ದಿನದ ಹೆಸರುಗಳೇ ಇದ್ದವು. ನಡುವೆ ಎರಡು ಸಲ ಚುನಾವಣೆ ಆಗಿತ್ತು, ಎರಡೂ ಸಲ ಒಬ್ಬ ವಕೀಲರಿಗೆ ಕಾಗದ, ಫೀ ಎರಡನ್ನೂ ಕೊಟ್ಟಿದ್ದೆವು. ಅವರು ಅರ್ಜಿ ಹಾಕಿಯೇ ಇರಲಿಲ್ಲ. ಫೀ ಕೊಟ್ಟ ಪಾವತಿ ಚೀಟಿ ನಮ್ಮ ಹತ್ತಿರ ಇತ್ತು, ಅವರು ಊರು ಬಿಟ್ಟು ಹೋಗಿದ್ದರು.

ಅಂದರೆ ಹೊಸ ಬದಲಾವಣೆಗೂ ಮೊದಲು ಹಳೆಯ ಎರಡನ್ನೂ ದಾಖಲಿಸಬೇಕು, ಪ್ರತಿಯೊಂದಕ್ಕೂ ತಡವಾದದ್ದಕ್ಕೆ ವಿಲಂಬ ಮಾಫಿ ಅರ್ಜಿ. ಯಾವ ಸಭೆಗೆ ಯಾರಿಗೆ ನೋಟಿಸು ಕೊಟ್ಟಿರಿ, ಯಾರು ಬಂದಿದ್ದರು, ಯಾರು ರಾಜೀನಾಮೆ ಕೊಟ್ಟರು, ಎಲ್ಲಕ್ಕೂ ಪುರಾವೆ. ಬದುಕಿರುವ ಹಳೆಯ ಸದಸ್ಯೆಯರಿಂದ ಪ್ರತಿಜ್ಞಾಪತ್ರ.

ಒಬ್ಬ ಹಿರಿಯಮ್ಮ ನಿಲಂಗಾ ತಾಲೂಕಿನಲ್ಲಿ ಮಗಳ ಮನೆಯಲ್ಲಿದ್ದರು. ಕಾಸಾರ್ ಸಿರ್ಸಿ ಹಾದು ಎಸ್.ಟಿ. ಬಸ್ಸಿನಲ್ಲಿ ಹೋದೆವು. ಕಣ್ಣು ಮಂಜಾಗಿತ್ತು, ದನಿ ಹಿಡಿದೇ ನನ್ನನ್ನು ಗುರುತು ಹಿಡಿದರು. ನೋಂದಣಿಯಲ್ಲಿ ಅವರ ಹೆಸರಿನ ಕೊನೆಗೆ 'ಬಾಯಿ' ಎಂದಿತ್ತು, ಆಧಾರ್ ಕಾರ್ಡಿನಲ್ಲಿ 'ಅಮ್ಮ' ಎಂದಿತ್ತು, ಅಡ್ಡಹೆಸರೂ ಒಂದರಲ್ಲಿ ತವರಿನದು, ಒಂದರಲ್ಲಿ ಗಂಡನ ಮನೆಯದು. ಇಬ್ಬರೂ ಒಬ್ಬರೇ ಎಂದು ಬೇರೆ ಪ್ರತಿಜ್ಞಾಪತ್ರ ಮಾಡಿಸಬೇಕಾಯಿತು. ನೋಟರಿಯವರ ಮುಂದೆ ಬರೆದದ್ದನ್ನು ಮರಾಠಿಯಲ್ಲಿ ಓದಿ ಹೇಳಿದಾಗ ಆ ತಾಯಿ, 'ನನ್ನ ಭಾಷೆದಾಗ ಹೇಳ್ರಿ, ತಿಳೀದೆ ಹೆಬ್ಬಟ್ಟು ಒತ್ತಂಗಿಲ್ಲ' ಎಂದರು. ನಾನು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದೆ. ತಿಳಿಯದೆ ಹೆಬ್ಬಟ್ಟು ಒತ್ತಬಾರದು ಎಂಬುದು ಭೂಕಂಪದ ಕಾಲದಲ್ಲಿ ಅಧ್ಯಕ್ಷೆ ಅವರಿಗೆ ಕಲಿಸಿದ ಪಾಠ. ಕೇಳಿ ಮುಗಿಸಿ ಹೆಬ್ಬಟ್ಟು ಒತ್ತಿದರು. ಆ ದಿನ ನನಗೆ ಅಳು ತಡೆಯಲಾಗಲಿಲ್ಲ.

ಇತ್ತ ಬಾಲವಾಡಿ ನಡೆಯಬೇಕಿತ್ತು. ಪಗಾರ ಇಲ್ಲದೆ ಇಬ್ಬರೂ ಬರುತ್ತಲೇ ಇದ್ದರು. ಅವರಲ್ಲಿ ಒಬ್ಬಳು ವಿಧವೆ, ಅವಳ ಸಂಸಾರ ನಡೆಯುತ್ತಿದ್ದುದೇ ಆ ಪಗಾರದಿಂದ. 'ವೈನಿ, ನಾ ಕೂಲಿಗೆ ಹೋದ್ರ ಈ ಕೂಸುಗೋಳು ಯಾರ ಹತ್ರ ಇರ್ತಾವ್ರಿ?' ಎಂದು ಕೇಳಿದಳು. ಕೊನೆಗೆ ಇಬ್ಬರೂ ಸರದಿ ಹಚ್ಚಿಕೊಂಡರು. ಒಬ್ಬಳು ಕೂಲಿಗೆ ಹೋದ ದಿನ ಇನ್ನೊಬ್ಬಳು ಬಾಲವಾಡಿಯಲ್ಲಿ. ಊಟಕ್ಕೆ ಮುಷ್ಟಿ ಧಾನ್ಯ ಎತ್ತಿದೆವು. ಮನೆಮನೆಯಿಂದ ಜೋಳ, ತೊಗರಿಬೇಳೆ, ಬೆಲ್ಲ. ಆ ವರ್ಷ ಸೆಪ್ಟೆಂಬರ್ ಕೊನೆಗೆ ಗುಲಾಬ್ ಚಂಡಮಾರುತದ ಮಳೆ ಮರಾಠವಾಡವನ್ನೆಲ್ಲ ಮುಳುಗಿಸಿತು, ಕಟಾವಿಗೆ ಬಂದ ಸೋಯಾ ಹೊಲದಲ್ಲೇ ಮೊಳಕೆಯೊಡೆಯಿತು. ಅಂಥ ಹೊತ್ತಲ್ಲೂ ಮುಷ್ಟಿ ನಿಲ್ಲಲಿಲ್ಲ. ಕೊಡುವ ಕೈ ಸಣ್ಣದಾಯಿತು, ಅಷ್ಟೆ. ಮಕ್ಕಳಿಗೆ ಮೊಟ್ಟೆ ಕೊಡುವುದು ಮಾತ್ರ ನಿಂತುಹೋಯಿತು. ತೂಕದ ಪುಸ್ತಕದಲ್ಲಿ ಅದು ಕಾಣುತ್ತಿತ್ತು. ತಿಂಗಳಿಗೊಮ್ಮೆ ತೂಕ ಬರೆಯುವಾಗ ಕೆಲವು ಮಕ್ಕಳ ಹೆಸರಿನ ಮುಂದೆ ಹಿಂದಿನ ಅಂಕಿಯೇ ಮತ್ತೆ ಬರೆಯಬೇಕಾಗುತ್ತಿತ್ತು. ನನ್ನನ್ನು ಹೆಚ್ಚು ಸುಟ್ಟದ್ದು ಕಚೇರಿಯ ಅಲೆದಾಟ ಅಲ್ಲ, ಆ ಪುಸ್ತಕ.

ಬೇರೆ ಬಾಗಿಲುಗಳನ್ನೂ ತಟ್ಟಿದೆವು. ದುಡಿಯುವ ತಾಯಂದಿರ ಮಕ್ಕಳಿಗೆಂದು 2006ರಲ್ಲಿ ಶುರುವಾದ ರಾಜೀವ್ ಗಾಂಧಿ ಪಾಲನಾ ಕೇಂದ್ರ ಯೋಜನೆ ಇತ್ತು. 2017ರಿಂದ ಅದು ರಾಜ್ಯಗಳ ಕೈಗೆ ಹೋಯಿತು, ಸಂಸ್ಥೆಗಳು ನಡೆಸುತ್ತಿದ್ದ ಬಹಳ ಕೇಂದ್ರಗಳು ಮುಚ್ಚಿದವು. ಬಚತ್ ಗಟಗಳಿಗೆ ಸರ್ಕಾರದ ಮಾವಿಮ್, ಉಮೇದ್ ಮೂಲಕ ನೆರವು ಇದೆ, ಆದರೆ ಅದು ಗಟದ ಉದ್ಯೋಗಕ್ಕೆ, ಮಕ್ಕಳ ಊಟಕ್ಕಲ್ಲ. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಹೊರನಾಡಿನ ಗಡಿ ಕನ್ನಡಿಗರ ಶಾಲೆ, ಸಂಘಗಳಿಗೆ ಅನುದಾನ ಕೊಡುತ್ತದೆ ಎಂದು ಆಳಂದದ ಬೀಗರು ಹೇಳಿದರು. ಅದು ಕನ್ನಡದ ಕೆಲಸಕ್ಕೆ ಇರುವ ಹಣ. ಬಾಲವಾಡಿಯಲ್ಲಿ ಮಕ್ಕಳಿಗೆ ನಾವು ಹೇಳಿಕೊಡುವ ಹಾಡು, ಕಥೆ ಎಲ್ಲ ಕನ್ನಡವೇ, ಆದರೂ ಅರ್ಜಿ ಹಾಕಬೇಕೆಂದರೆ ನಡೆಯುತ್ತಿರುವ ಖಾತೆ ಬೇಕು. ಸುತ್ತಿ ಬಂದು ಅದೇ ಉತಾರೆ.

ಎಲ್ಲಕ್ಕಿಂತ ಹತ್ತಿರ ಬಂದು ಕೈತಪ್ಪಿದ್ದು ಒಂದು ಕಂಪನಿಯ ಸಿಎಸ್‌ಆರ್ ಹಣ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷದ ಲಾಭದ ಸರಾಸರಿಯಲ್ಲಿ ನೂರಕ್ಕೆ 2ರಷ್ಟನ್ನು ಸಮಾಜದ ಕೆಲಸಕ್ಕೆ ಕೊಡಬೇಕು. ಅವರ ಜನ ಬಂದು ಬಾಲವಾಡಿ ನೋಡಿದರು, ಜೋಳಿಗೆಯಲ್ಲಿ ಮಲಗಿದ್ದ ಕೂಸಿನ ಫೋಟೋ ತೆಗೆದರು, ಕೆಲಸ ಒಳ್ಳೆಯದಿದೆ ಎಂದು ಮನಸ್ಸಿನಿಂದಲೇ ಹೇಳಿದರು. ಆಮೇಲೆ ಇಂಗ್ಲಿಷಿನಲ್ಲಿ ಮೇಲ್ ಬಂತು. ಉದಗೀರದ ಒಬ್ಬ ನಿವೃತ್ತ ಮಾಸ್ತರರು ಅದನ್ನು ಓದಿ ಹೇಳಿದರು. ಪದಾಧಿಕಾರಿಗಳ ಹೆಸರು ನೋಂದಣಿಗೆ ತಾಳೆಯಾಗುತ್ತಿಲ್ಲ, ಮಾರ್ಚ್ 31ರೊಳಗೆ ಹಣ ಬಿಡುಗಡೆ ಆಗಬೇಕಿರುವುದರಿಂದ ಈ ವರ್ಷ ಆಗುವುದಿಲ್ಲ ಎಂದಿತ್ತು. ಮುಂದಿನ ವರ್ಷ ಅವರ ಹಣ ಬೇರೆ ಜಿಲ್ಲೆಗೆ ಹೋಯಿತು.

ಆದೇಶ ಕೊನೆಗೂ ಬಂತು. ಮೂರು ಬದಲಾವಣೆಗಳೂ ಮಂಜೂರಾದವು. ಹೊಸ ಅಧ್ಯಕ್ಷೆಯ ಸಹಿ ಬ್ಯಾಂಕಿನಲ್ಲಿ ದಾಖಲಾಯಿತು. ಮೊದಲ ಚೆಕ್ಕು ಹಿಂಬಾಕಿ ಪಗಾರದ್ದು, ಎರಡನೆಯದು ಮೊಟ್ಟೆಯದು. ಮುಷ್ಟಿ ಧಾನ್ಯವನ್ನು ಮಾತ್ರ ನಾವು ಬಿಟ್ಟಿಲ್ಲ. ಊರು ಕೊಟ್ಟದ್ದಕ್ಕೆ ಉತಾರೆ ಬೇಕಿಲ್ಲ.

ಹಣ ಕೊಡುವವರಿಗೆ ನಾನು ಹೇಳಬೇಕಾದದ್ದು ಇದು. ಕಾಗದ ಸರಿ ಇರಬೇಕು ಎಂಬುದಕ್ಕೆ ನನ್ನ ತಕರಾರಿಲ್ಲ, ಸಾರ್ವಜನಿಕರ ದುಡ್ಡಿಗೆ ಲೆಕ್ಕ ಇರಲೇಬೇಕು. ಆದರೆ ಆ ಕಾಗದ ಸರಿ ಇಡುವುದೂ ಕೆಲಸವೇ. ಆಡಿಟ್, ವಕೀಲರ ಫೀ, ಬಸ್ಸಿನ ಚಾರ್ಜು, ಅನುವಾದ, ಕೂಲಿ ಬಿಟ್ಟು ನೋಟರಿಯ ಮುಂದೆ ಕೂತ ಹೆಂಗಸಿನ ಆ ದಿನದ ಕೂಲಿ, ಇವೆಲ್ಲ ಎಲ್ಲಿಂದ ಬರಬೇಕು? ಅನುದಾನದ ಅಂದಾಜುಪಟ್ಟಿಯಲ್ಲಿ ಚಾಪೆಗೆ, ಆಟಿಕೆಗೆ, ಫಲಕಕ್ಕೆ ಜಾಗ ಇರುತ್ತದೆ, ಇದಕ್ಕೆ ಇರುವುದಿಲ್ಲ. ಪಟ್ಟಣದ ದೊಡ್ಡ ಸಂಸ್ಥೆಗೆ ಪಗಾರದ ಕಾರಕೂನರಿದ್ದಾರೆ. ಹಳ್ಳಿಯ ಮಂಡಳಕ್ಕೆ ಒಂದು ರೆಗ್ಜಿನ್ ಚೀಲ, ಅದನ್ನು ಹೊರುವ ಒಬ್ಬ ಹೆಂಗಸು. ಅವಳು ಬಿದ್ದರೆ ಮಂಡಳ ಬೀಳುತ್ತದೆ. ನೂರಕ್ಕೆ ಐದೋ ಹತ್ತೋ ರೂಪಾಯಿ ಅದಕ್ಕೆಂದೇ ಮೊದಲೇ ತೆಗೆದಿಟ್ಟರೆ ಉಳಿದ ದುಡ್ಡು ಮಕ್ಕಳ ತನಕ ಮುಟ್ಟುತ್ತದೆ.

ಆ ಚೀಲ ಈಗ ನನ್ನ ಜೊತೆ ನಿಲಂಗಾಕ್ಕೂ ಉದಗೀರಿಗೂ ಹೋಗುತ್ತದೆ. ಅಲ್ಲಿಯ ಮಂಡಳಗಳಲ್ಲಿ ಕೂತು ಮೊದಲು ಉತಾರೆ ತೆಗೆಸಿ ನೋಡುತ್ತೇವೆ, ಅದರ ಮೇಲಿನ ಹೆಸರುಗಳಲ್ಲಿ ಎಷ್ಟು ಜನ ಬದುಕಿದ್ದಾರೆ ಎಂದು. ಉದಗೀರ್ ತಾಲೂಕಿನ ಒಂದು ಮಂಡಳದ ಅಧ್ಯಕ್ಷೆಗೆ ವಯಸ್ಸಾಗಿದೆ, ಬಿಟ್ಟುಕೊಡುತ್ತೇನೆ ಅನ್ನುತ್ತಿದ್ದಾರೆ. ಸುಗ್ಗಿ ಮುಗಿದ ಕೂಡಲೆ ಅಲ್ಲಿ ಚುನಾವಣೆ. ನೋಟಿಸು ಹಂಚಿದ ದಿನವೇ ಪ್ರತಿಯೊಬ್ಬರ ಸಹಿ ಹಿಡಿಯಬೇಕು, ಬಿಟ್ಟುಕೊಡುವವರ ಪ್ರತಿಜ್ಞಾಪತ್ರ ಅವರಿರುವಾಗಲೇ ಮಾಡಿಸಬೇಕು, ಬದಲಾವಣೆ ತಿಳಿಸುವ ಮೂರನೇ ಪರಿಶಿಷ್ಟದ ನಮೂನೆ 90 ದಿನದೊಳಗೆ ಕಚೇರಿಗೆ ಮುಟ್ಟಿ ಪಾವತಿ ಚೀಟಿ ಕೈಗೆ ಬರಬೇಕು. ಆ ಪಾವತಿಯನ್ನು ಯಾರಿಗೂ ಕೊಟ್ಟು ಬರಬೇಡಿ, ನೀವೇ ಇಟ್ಟುಕೊಳ್ಳಿ ಎಂದು ಅವರಿಗೆ ಹೇಳಿದ್ದೇನೆ.