ಬರಬೇಕಾದ ಎಲೆಯ ಬೆಲೆ

ಇಸ್ಪೀಟಿನಲ್ಲಿ ತೀರಾ ಕೆಟ್ಟ ಎಲೆ ಬಿದ್ದವರು ಎಸೆದು ಸುಮ್ಮನಾಗುತ್ತಾರೆ. ದುಡ್ಡು ಕರಗುವುದೆಲ್ಲ ‘ಇನ್ನೊಂದು ಬಂದರೆ ಗೆದ್ದೆ’ ಎನ್ನುವ ಕೈಯಲ್ಲಿ.

ಇಂಜಿನಿಯರಿಂಗ್ ಓದುವ ಅಕ್ಕನ ಮಗ ಹಾಸ್ಟೆಲ್ಲಿನಲ್ಲಿ ಪೋಕರ್ ಕಲಿತಿದ್ದ. ಮೆಸ್ಸಿನ ದುಡ್ಡೂ ಅದಕ್ಕೇ ಹೋಗುತ್ತಿದೆಯೆಂದು ಅಕ್ಕನ ಅನುಮಾನ. ರಜೆಯಲ್ಲಿ ಬಂದವನನ್ನು ಬೈಯದೆ, ಹುಣಸೆಬೀಜ ಕಟ್ಟಿ ಆಡೋಣವೆಂದೆ.

ಅವನ ಕೈಯಲ್ಲಿ ಎರಡು ಆಠೀನು, ನೆಲದ ಮೇಲೆ ಬಿಚ್ಚಿದ ನಾಲ್ಕರಲ್ಲಿ ಇನ್ನೆರಡು. ಐದನೆಯದು ಬಂದರೆ ಫ್ಲಶ್.

“ನಾಲ್ಕು ಬಂದಿದೆ ಮಾಮ, ಇನ್ನೊಂದು ಬಂದೇ ಬರುತ್ತೆ” ಎಂದ.

ಲೆಕ್ಕ ಹಾಕಿಸಿದೆ. 52ರಲ್ಲಿ ಅವನು ಕಂಡದ್ದು 6, ಕಾಣದ್ದು 46. ಅದರಲ್ಲಿ ಆಠೀನು 9. ನಾನು ಕಟ್ಟಿದ್ದೂ ಸೇರಿ ನಡುವೆ 300 ಬೀಜ. ಕೊನೆಯ ಎಲೆ ನೋಡಲು ಅವನು 100 ಹಾಕಬೇಕು. ಇದೇ ಕೈ 46 ಸಲ ಬಂದರೆ, ಸರಾಸರಿ 9 ಸಲ ಗೆದ್ದು 2,700 ಬರುತ್ತದೆ, 37 ಸಲ ಸೋತು 3,700 ಹೋಗುತ್ತದೆ. ನಡುವೆ 500 ಇದ್ದಿದ್ದರೆ? ಅದೇ ಎಲೆಗಳಿಗೆ 800 ಲಾಭ!

ಹುಡುಗ ಪೆನ್ಸಿಲ್ ತಂದು ಕೂತ. ಇನ್ನೊಂದು ತೊಡಕು ತೋರಿಸಿದೆ. ಅವನ ಆಠೀನುಗಳು ಸಣ್ಣವು. ಎದುರಿನವನ ಬಳಿ ಎರಡು ದೊಡ್ಡ ಆಠೀನುಗಳಿದ್ದರೆ ಬಯಸಿದ ಎಲೆ ಬಂದೂ ಸೋಲು. ನೆಲದಲ್ಲಿ ಜೋಡಿ ಬಿದ್ದಿದ್ದರೆ ಫುಲ್‌ಹೌಸಿನ ಭಯ ಬೇರೆ. ಆಗ ಆ 9ನ್ನು ಪೂರ್ತಿ 9 ಎಂದು ಹಿಡಿಯುವಂತಿಲ್ಲ. (ಪಠ್ಯಪುಸ್ತಕದ ಸಂಭವನೀಯತೆಯಲ್ಲಿ ಈ ಪೀಕಲಾಟ ಇಲ್ಲ, ಅದಕ್ಕೇ ಅಲ್ಲಿ ಅಂಕ ಸುಲಭ.)

ಅವನು ಹಾಸ್ಟೆಲ್ಲಿನ ಆಟಗಳನ್ನು ನೆನಪಿಸಿಕೊಂಡು ಒಂದೊಂದೇ ಬರೆಯತೊಡಗಿದ. ಎಷ್ಟು ಹೋಗಿದೆಯೆಂಬುದನ್ನು ರಾತ್ರಿ ಊಟಕ್ಕೆ ಕೂತಾಗ ಅಕ್ಕನಿಗೆ ತಾನೇ ಹೇಳಿದ.