ಜಗಲಿಗೊಂದು ಮಾತು, ನಡುಮನೆಗೊಂದು ಮಾತು

ಲಿನಕ್ಸ್ ಕಂಪ್ಯೂಟರಿನಲ್ಲಿ ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿ ನೋಡಿದ್ದೀರಾ? ಬಣ್ಣ, ಚಿತ್ರ ಎಲ್ಲ ಮಾಯವಾಗಿ ಕಪ್ಪು ಪರದೆ ಬರುತ್ತದೆ. ಸಾಮಾನ್ಯವಾಗಿ ಅದರ ಮೇಲೆ ಒಂದು ಸಾಲು: ವ್ಯವಸ್ಥೆ ಯಾವುದು, ನೀವು ಕೂತದ್ದು ಯಾವ ಟಿಟಿವೈ ಮುಂದೆ. ಕೆಳಗೆ ‘ಲಾಗಿನ್’ ಅಂತ ಕೇಳಿಕೊಂಡು ಕರ್ಸರ್ ಮಿಣುಕುತ್ತಿರುತ್ತದೆ.

ಟಿಟಿವೈ ಅಂದರೆ ಟೆಲಿಟೈಪು. 1969ರಲ್ಲಿ ಬೆಲ್ ಲ್ಯಾಬ್ಸಿನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಯುನಿಕ್ಸ್ ಶುರುಮಾಡಿದ ಕಾಲಕ್ಕೆ ಕಾಗದದ ಸುರುಳಿಯ ಮೇಲೆ ಟಕಟಕ ಅಚ್ಚೊತ್ತುತ್ತಿದ್ದ ಯಂತ್ರ ಅದು. ಯಂತ್ರ ಹೋಯಿತು, ಹೆಸರು ಉಳಿಯಿತು. ಈಗ ಆ ಸಾಲು ತೋರಿಸುವುದು ಗೆಟ್ಟಿ ಎಂಬ ಪ್ರೋಗ್ರಾಂ. ಅದು ಓದುವುದು ಇಟಿಸಿ ಡೈರೆಕ್ಟರಿಯ ‘ಇಶ್ಯೂ’ ಎಂಬ ಸಾದಾ ಫೈಲನ್ನು. ರೂಟ್ ಆಗಿ ತೆರೆದು ಏನು ಬರೆದರೂ ಅದೇ ಕಾಣುತ್ತದೆ. ಬ್ಯಾಕ್‌ಸ್ಲ್ಯಾಶ್ ಹಾಕಿ ಸಣ್ಣ ‘ಎನ್’ ಬರೆದರೆ ಯಂತ್ರದ ಹೆಸರು, ‘ಡಿ’ ಬರೆದರೆ ತಾರೀಖು, ‘ಟಿ’ ಬರೆದರೆ ಹೊತ್ತು. ‘ಆರ್’ ಬರೆದರೆ ಕರ್ನೆಲ್ಲಿನ ಆವೃತ್ತಿ. ಅದನ್ನು ಮಾತ್ರ ತೆಗೆದುಬಿಡಿ. ಜಗಲಿಗೆ ಬಂದ ಅಪರಿಚಿತರಿಗೆಲ್ಲ ಮನೆಯ ಬೀಗ ಯಾವುದೆಂದು ಹೇಳುವವರುಂಟೇ?

ಒಳಗೆ ಬಂದವರಿಗೆ ಹೇಳುವ ಮಾತಿಗೆ ಬೇರೆ ಫೈಲಿದೆ: ‘ಎಂಓಟಿಡಿ’, ಅಂದರೆ ಆ ದಿನದ ಸಂದೇಶ. ಅದರಲ್ಲಿ ಕನ್ನಡ ಬರೆಯಬಹುದೇ ಅಂತ ನೀವು ಕೇಳೇ ಕೇಳುತ್ತೀರಿ. ಧಾರಾಳವಾಗಿ! ಆದರೆ ಬರಿಯ ಕಪ್ಪು ಪರದೆಯಲ್ಲಿ ಅದು ಮೂಡುವುದಿಲ್ಲ. ಅಲ್ಲಿನ ಫಾಂಟಿಗೆ ಹೆಚ್ಚೆಂದರೆ 512 ಆಕಾರಗಳ ಜಾಗ, ಒತ್ತಕ್ಷರ ಕೂಡಿಸುವ ಏರ್ಪಾಡೂ ಇಲ್ಲ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ. ಬೇರೆ ಕಂಪ್ಯೂಟರಿನಿಂದ ಎಸ್‌ಎಸ್‌ಎಚ್ ಮೂಲಕ ಬಂದವರಿಗೆ ಹಾಗಲ್ಲ; ಅಕ್ಷರ ಮೂಡಿಸುವ ಹೊಣೆ ಅವರ ಕಡೆಯ ಟರ್ಮಿನಲ್ಲಿನದು, ಅಲ್ಲಿ ಕನ್ನಡ ಫಾಂಟ್ ಇದ್ದರಾಯಿತು. ಒಳ್ಳೆಯ ಟರ್ಮಿನಲ್ ಆದರೆ ಒತ್ತಕ್ಷರವೂ ಸರಿಯಾಗಿ ಕೂರುತ್ತದೆ.

ಅಕ್ಷರ ಅಂದಾಗ ಇನ್ನೊಂದು ಕಥೆ. ಅದೇ ಥಾಂಪ್ಸನ್ 1992ರ ಸೆಪ್ಟೆಂಬರಿನಲ್ಲಿ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ರಾಬ್ ಪೈಕ್ ಜೊತೆ ಊಟಕ್ಕೆ ಕೂತಾಗ, ತಟ್ಟೆಯಡಿ ಹಾಸುವ ಕಾಗದದ ಮೇಲೆ ಯುಟಿಎಫ್-8 ಗೀಚಿದರು. ‘ನಮಸ್ಕಾರ’ ಅದರಲ್ಲಿ 21 ಬೈಟು: ಏಳು ಸಂಕೇತ, ಒಂದೊಂದಕ್ಕೆ ಮೂರು. ಯುನಿಕ್ಸ್ ಕಟ್ಟಿದ ಕೈಯೇ ನಮ್ಮ ಲಿಪಿಗೂ ದಾರಿ ಮಾಡಿಕೊಟ್ಟಿತು, ನೋಡಿ.

ಹತ್ತಾರು ಜನ ಬಳಸುವ ಸರ್ವರ್ ನಿಮ್ಮ ಕೈಯಲ್ಲಿದ್ದರೆ ಎಂಓಟಿಡಿ ಫೈಲನ್ನು ಖಾಲಿ ಬಿಡಬೇಡಿ. ‘ನಮಸ್ಕಾರ. ಶನಿವಾರ ರಾತ್ರಿ ಬ್ಯಾಕಪ್ ನಡೆಯುತ್ತದೆ, ಯಂತ್ರ ಆರಿಸಬೇಡಿ’ ಅಂತ ಕನ್ನಡದಲ್ಲೇ ಬರೆದಿಡಿ.